ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಬೀಗ



ಅಮೆರಿಕದ ಕಪ್ಪುಜನರ ಹಕ್ಕಿನ ಹೋರಾಟ ಎಂದ ಕೂಡಲೇ ನಮಗೆ ನೆನಪಾಗುವುದು ಮಾರ್ಟಿನ್ ಲೂಥರ್ ಕಿಂಗ್, ಬಸ್ಸಿನಲ್ಲಿ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್, ವಾಷಿಂಗ್ಟನ್ನಿನಲ್ಲಿ ನೆರೆದ ಲಕ್ಷಾಂತರ ಜನ. ಇವೆಲ್ಲ ನಡೆಯುವುದಕ್ಕೆ ಮುಂಚೆ, 1951ರಲ್ಲಿ, ವರ್ಜೀನಿಯಾ ರಾಜ್ಯದ ಹೊಗೆಸೊಪ್ಪಿನ ಸೀಮೆಯಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳು ತನ್ನ ಶಾಲೆಯನ್ನು ಬಂದ್ ಮಾಡಿಸಿದಳು. ಎಂಟು ವರ್ಷ ಕಳೆದ ಮೇಲೆ ಅದೇ ಸೀಮೆಯನ್ನು ಆಳುತ್ತಿದ್ದ ದೊಡ್ಡವರು ತಮ್ಮ ಎಲ್ಲ ಸರ್ಕಾರಿ ಶಾಲೆಗಳಿಗೂ ಬೀಗ ಹಾಕಿದರು. ಹುಡುಗಿ ಮುಚ್ಚಿಸಿದ್ದು ಎರಡು ವಾರ. ದೊಡ್ಡವರು ಮುಚ್ಚಿದ್ದು ಐದು ವರ್ಷ. ಈ ಎರಡರ ನಡುವೆ ಆ ದೇಶದ ಕಾನೂನೇ ಬದಲಾಗಿತ್ತು. ಬದಲಾದ ಕಾನೂನು ಮಕ್ಕಳ ಕೈಗೆ ಸಿಗಲು ಎಷ್ಟು ಕಾಲ ಹಿಡಿಯಿತು, ಅದಕ್ಕೆ ಬೆಲೆ ತೆತ್ತವರು ಯಾರು ಎಂಬುದನ್ನು ಈ ಹೊತ್ತು ನಿಮಗೆ ಹೇಳಬೇಕೆಂದಿದ್ದೇನೆ.

ಆ ಸೀಮೆಯ ಹೆಸರು ಪ್ರಿನ್ಸ್ ಎಡ್ವರ್ಡ್ ಕೌಂಟಿ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕು ಎಂದುಕೊಳ್ಳಿ. ಆದರೆ ತನ್ನ ತೆರಿಗೆಯನ್ನು ತಾನೇ ಹಾಕಿ, ತನ್ನ ಶಾಲೆಗಳಿಗೆ ತಾನೇ ಹಣ ಒದಗಿಸುವ ಅಧಿಕಾರ ಅದಕ್ಕಿದೆ. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ. ಅಲ್ಲಿಯ ಮುಖ್ಯ ಪಟ್ಟಣ ಫಾರ್ಮ್‌ವಿಲ್. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ಹೂಡಿದ ಯುದ್ಧದಲ್ಲಿ ಅವರ ಸೇನಾಪತಿ ರಾಬರ್ಟ್ ಲೀ 1865ರಲ್ಲಿ ಶರಣಾದ ಅಪೊಮ್ಯಾಟಕ್ಸ್ ಪಕ್ಕದ ಕೌಂಟಿಯಲ್ಲೇ ಇದೆ. ಯುದ್ಧ ಮುಗಿದು ಗುಲಾಮಗಿರಿ ಹೋಯಿತು. 1868ರಲ್ಲಿ ಅಮೆರಿಕದ ಸಂವಿಧಾನಕ್ಕೆ ಹದಿನಾಲ್ಕನೆಯ ತಿದ್ದುಪಡಿ ಸೇರಿತು. ಯಾವ ರಾಜ್ಯವೂ ತನ್ನ ನೆಲದಲ್ಲಿರುವ ಯಾರಿಗೂ ಕಾನೂನಿನ ಸಮಾನ ರಕ್ಷಣೆಯನ್ನು ಇಲ್ಲವೆನ್ನುವಂತಿಲ್ಲ ಎಂದಿತು ಅದು. ನಮ್ಮ ಸಂವಿಧಾನದ ಹದಿನಾಲ್ಕನೆಯ ವಿಧಿಯಲ್ಲಿ ಬರುವ ಸಮಾನ ರಕ್ಷಣೆಯ ಮಾತು ಅಲ್ಲಿಂದಲೇ ಬಂದದ್ದು. ಹಾಗಾಗಿ ನಾನು ಹೇಳುತ್ತಿರುವುದು ದೂರದ ದೇಶದ ಕಥೆಯಾದರೂ ಆ ಮಾತಿನ ಕಥೆ ನಮಗೂ ಸೇರಿದ್ದು.

ಬರೆದದ್ದನ್ನು ಓದುವವರು ನ್ಯಾಯಾಧೀಶರು. 1896ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ಲೂಯಿಸಿಯಾನಾದ ರೈಲುಗಾಡಿಯೊಂದರಲ್ಲಿ ಬಿಳಿಯರ ಡಬ್ಬಿ ಹತ್ತಿದ್ದ ಹೋಮರ್ ಪ್ಲೆಸಿ ಎಂಬವರ ಮೊಕದ್ದಮೆಯಲ್ಲಿ, ಎರಡು ಬಣ್ಣದವರಿಗೆ ಬೇರೆ ಬೇರೆ ಡಬ್ಬಿ ಇಟ್ಟರೆ ಸಮಾನತೆಗೆ ಭಂಗವಿಲ್ಲ ಎಂದು ತೀರ್ಪು ಕೊಟ್ಟಿತು. ಒಪ್ಪದೆ ಬೇರೆ ತೀರ್ಪು ಬರೆದವರು ಒಬ್ಬರೇ, ಜಾನ್ ಮಾರ್ಷಲ್ ಹಾರ್ಲನ್. ‘ಬೇರೆಯಾದರೂ ಸಮಾನ’ ಎಂಬ ಆ ಸೂತ್ರ ರೈಲಿನಿಂದ ಇಳಿದು ಶಾಲೆ, ಆಸ್ಪತ್ರೆ, ನೀರಿನ ನಲ್ಲಿ, ಸ್ಮಶಾನ ಎಲ್ಲ ಕಡೆಗೂ ನಡೆಯಿತು. ಅದರ ‘ಸಮಾನ’ ಎಂಬ ಭಾಗ ಹೇಗಿತ್ತು ಎಂದು ನೋಡಬೇಕಾದರೆ ಫಾರ್ಮ್‌ವಿಲ್ಲಿನ ಮೋಟನ್ ಹೈಸ್ಕೂಲಿಗೆ ಹೋಗಬೇಕು.

ಆ ಭಾಗದಲ್ಲೇ ಬೆಳೆದು ಟಸ್ಕೀಗಿ ವಿದ್ಯಾಸಂಸ್ಥೆಯ ಮುಖ್ಯಸ್ಥರಾದ ರಾಬರ್ಟ್ ಮೋಟನ್ ಅವರ ಹೆಸರಿನಲ್ಲಿ ಕಪ್ಪುಜನರ ಮಕ್ಕಳಿಗಾಗಿ 1939ರಲ್ಲಿ ಕಟ್ಟಿದ ಇಟ್ಟಿಗೆಯ ಕಟ್ಟಡ ಅದು. ಕಟ್ಟಿದ್ದು 180 ಮಕ್ಕಳಿಗೆ. 1950ರ ಹೊತ್ತಿಗೆ ಅಲ್ಲಿ ಓದುತ್ತಿದ್ದವರು 450ಕ್ಕೂ ಹೆಚ್ಚು. ವ್ಯಾಯಾಮಶಾಲೆ ಇಲ್ಲ, ಊಟದ ಕೋಣೆ ಇಲ್ಲ, ವಿಜ್ಞಾನದ ಪ್ರಯೋಗಶಾಲೆ ಇಲ್ಲ. ಒಂದು ಸಭಾಂಗಣವಿತ್ತು, ಅದರಲ್ಲೇ ಏಕಕಾಲಕ್ಕೆ ಎರಡು ಮೂರು ತರಗತಿ. ಹೊಸ ಶಾಲೆ ಕಟ್ಟಿಕೊಡಿ ಎಂದು ಪಾಲಕರು ವರ್ಷಗಟ್ಟಲೆ ಕೇಳಿದರು. ಶಾಲಾ ಮಂಡಳಿ ಹಿತ್ತಲಲ್ಲಿ ಮರದ ಚೌಕಟ್ಟಿನ ಕೆಲವು ಷೆಡ್ಡುಗಳನ್ನು ಎಬ್ಬಿಸಿ, ಗೋಡೆಗೆ ಡಾಂಬರು ಬಳಿದ ಕಾಗದ ಹೊದಿಸಿ ಕೊಟ್ಟಿತು. ದಾರಿಹೋಕರು ಅವನ್ನು ಕೋಳಿಗೂಡು ಎಂದುಕೊಳ್ಳುತ್ತಿದ್ದರಂತೆ. ಮಳೆ ಬಂದರೆ ಸೋರುತ್ತಿತ್ತು. ಚಳಿಗಾಲದಲ್ಲಿ ನಡುವೆ ಒಂದು ಕಬ್ಬಿಣದ ಒಲೆ. ಒಲೆಯ ಪಕ್ಕ ಕೂತವರಿಗೆ ಬೆವರು, ಗೋಡೆಯ ಪಕ್ಕ ಕೂತವರು ಕೋಟು ಬಿಚ್ಚುವಂತಿರಲಿಲ್ಲ. ಶಾಲೆಯ ಬಸ್ಸುಗಳೂ ಬಿಳಿಯರ ಶಾಲೆಯವರು ಬಳಸಿ ಬಿಟ್ಟವು. ಅದೇ ಪಟ್ಟಣದಲ್ಲಿ ಬಿಳಿಯರ ಮಕ್ಕಳ ಹೈಸ್ಕೂಲಿಗೆ ವ್ಯಾಯಾಮಶಾಲೆ, ಊಟದ ಕೋಣೆ, ಪ್ರಯೋಗಶಾಲೆ ಎಲ್ಲವೂ ಇದ್ದವು.

ಬಾರ್ಬರಾ ಜಾನ್ಸ್ ಆ ಡಾಂಬರು ಕಾಗದದ ಶಾಲೆಯ ವಿದ್ಯಾರ್ಥಿನಿ. ರೈತರ ಮನೆಯ ಹುಡುಗಿ, ಮಾತು ಕಡಿಮೆ, ಓದು ಹೆಚ್ಚು. ಒಂದು ಬೆಳಿಗ್ಗೆ ತಮ್ಮ-ತಂಗಿಯರನ್ನು ಬಸ್ಸಿಗೆ ಹೊರಡಿಸುವ ಗಡಿಬಿಡಿಯಲ್ಲಿ ತನ್ನ ಬುತ್ತಿ ಮರೆತಳು, ತರಲು ಮನೆಗೆ ಹೋಗಿ ಬರುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ರಸ್ತೆಯ ಬದಿ ಕಾದು ನಿಂತಳು. ಬಿಳಿಯ ಮಕ್ಕಳ ಶಾಲೆಯ ಬಸ್ಸು ಅರ್ಧಕ್ಕರ್ಧ ಖಾಲಿಯಾಗಿ ಅವಳ ಎದುರಿಗೇ ಹಾದುಹೋಯಿತು. ಶಾಲೆಯ ಸ್ಥಿತಿಯ ಬಗ್ಗೆ ತನ್ನ ಸಂಗೀತದ ಟೀಚರ್ ಐನೆಜ್ ಡೇವನ್‌ಪೋರ್ಟ್ ಅವರ ಹತ್ತಿರ ದೂರಿಕೊಂಡಾಗ ಅವರು, ಹಾಗಿದ್ದರೆ ನೀನೇ ಏನಾದರೂ ಮಾಡಬಾರದೇಕೆ ಎಂದು ಕೇಳಿದ್ದರು. ಹುಡುಗಿ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡಳು. ನಂಬಿಕೆಗೆ ಪಾತ್ರರಾದ ಕೆಲವೇ ಸಹಪಾಠಿಗಳನ್ನು ಸೇರಿಸಿಕೊಂಡು ತಿಂಗಳುಗಟ್ಟಲೆ ಗುಟ್ಟಾಗಿ ಯೋಚನೆ ಮಾಡಿದಳು. ತಂದೆತಾಯಿಗೂ ಹೇಳಲಿಲ್ಲ.

1951ರ ಏಪ್ರಿಲ್ 23, ಸೋಮವಾರ. ಮುಖ್ಯೋಪಾಧ್ಯಾಯ ಬಾಯ್ಡ್ ಜೋನ್ಸ್ ಅವರಿಗೆ ಒಂದು ಫೋನ್ ಬಂತು. ನಿಮ್ಮ ಹುಡುಗರು ಬಸ್ ನಿಲ್ದಾಣದಲ್ಲಿ ತೊಂದರೆಗೆ ಸಿಕ್ಕಿದ್ದಾರೆ ಎಂದಿತು ಆ ಕಡೆಯ ದನಿ. ಅವರು ಪಟ್ಟಣಕ್ಕೆ ಓಡಿದರು. ಅಷ್ಟರಲ್ಲಿ ಎಲ್ಲ ತರಗತಿಗಳಿಗೂ ಚೀಟಿ ಹೋಯಿತು: ಕೂಡಲೇ ಸಭಾಂಗಣಕ್ಕೆ ಬರತಕ್ಕದ್ದು. ಕೆಳಗೆ ಸಹಿ ‘ಬಿ. ಜೆ.’ ಬಾಯ್ಡ್ ಜೋನ್ಸ್ ಎಂದು ಎಲ್ಲರೂ ಓದಿಕೊಂಡರು. ಬಾರ್ಬರಾ ಜಾನ್ಸ್ ಎಂದೂ ಓದಬಹುದು ಎಂಬುದು ಯಾರಿಗೂ ಹೊಳೆಯಲಿಲ್ಲ. ಮಕ್ಕಳೆಲ್ಲ ಬಂದು ಕೂತ ಮೇಲೆ ವೇದಿಕೆಯ ಪರದೆ ಸರಿಯಿತು. ನಿಂತಿದ್ದವಳು ಬಾರ್ಬರಾ. ಮೇಷ್ಟರುಗಳು ದಯವಿಟ್ಟು ಹೊರಗೆ ಹೋಗಬೇಕು ಎಂದು ಕೇಳಿಕೊಂಡಳು. ಅವರ ನೌಕರಿಗೆ ಕುತ್ತು ಬರಬಾರದು ಎಂಬ ಎಚ್ಚರ ಅದು. ಕಾಲಿನ ಷೂ ತೆಗೆದು ಬಡಿದು ಸದ್ದಡಗಿಸಿದಳು. ಹೊಸ ಶಾಲೆ ಸಿಗುವ ತನಕ ನಾವು ತರಗತಿಗೆ ಹೋಗುವುದು ಬೇಡ, ಎಲ್ಲರೂ ಒಟ್ಟಿಗಿದ್ದರೆ ಊರಿನ ಜೈಲಿನಲ್ಲಿ ನಮ್ಮೆಲ್ಲರಿಗೂ ಜಾಗ ಸಾಲುವುದಿಲ್ಲ ಎಂಬರ್ಥದ ಮಾತಾಡಿದಳು. ಇಡೀ ಶಾಲೆ ಅವಳ ಹಿಂದೆ ಹೊರಟಿತು.

ಈ ಹುಡುಗಿಯ ಧೈರ್ಯವನ್ನು ಹೊಗಳಿ ಮುಂದೆ ಹೋಗುವುದು ಸುಲಭ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವಳ ಸಿದ್ಧತೆ. ಮುಖ್ಯೋಪಾಧ್ಯಾಯರನ್ನು ಹೊರಗೆ ಕಳಿಸಿದ್ದು, ಮೇಷ್ಟರುಗಳನ್ನು ಕಾಪಾಡಿದ್ದು, ಅದೇ ದಿನ ವಿದ್ಯಾರ್ಥಿ ಸಂಘದ ಅಧ್ಯಕ್ಷೆ ಕ್ಯಾರಿ ಸ್ಟೋಕ್ಸ್ ಜೊತೆ ಕೂತು ರಿಚ್ಮಂಡಿನ ವಕೀಲರಿಗೆ ಪತ್ರ ಬರೆದದ್ದು, ಇವೆಲ್ಲ ಕೆಲಸ ತಿಳಿದವರ ಲಕ್ಷಣ.

ಆ ವಕೀಲರು ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್. 1909ರಿಂದ ಕಪ್ಪುಜನರ ಹಕ್ಕಿಗಾಗಿ ದುಡಿಯುತ್ತಿದ್ದ ಎನ್‌ಎಎಸಿಪಿ ಎಂಬ ಸಂಸ್ಥೆಯ ಪರವಾಗಿ ವಾದಿಸುತ್ತಿದ್ದವರು. ಇವರ ಹಿಂದೆ ಒಬ್ಬ ಗುರುವಿದ್ದರು, ಅವರ ಹೆಸರನ್ನು ನಮ್ಮಲ್ಲಿ ಕೇಳಿದವರು ಕಡಿಮೆ: ಚಾರ್ಲ್ಸ್ ಹ್ಯಾಮಿಲ್ಟನ್ ಹೂಸ್ಟನ್. ವಾಷಿಂಗ್ಟನ್ನಿನ ಹೊವರ್ಡ್ ವಿಶ್ವವಿದ್ಯಾಲಯದ ಕಾನೂನು ಶಾಲೆಯಲ್ಲಿ ಅವರು ಒಂದು ತಲೆಮಾರಿನ ಕಪ್ಪು ವಕೀಲರನ್ನೇ ತಯಾರು ಮಾಡಿದರು. 1933ರ ತರಗತಿಯಲ್ಲಿ ಮೊದಲ ಸ್ಥಾನ ಬಂದವರು ಥರ್ಗುಡ್ ಮಾರ್ಷಲ್, ಎರಡನೆಯವರು ಆಲಿವರ್ ಹಿಲ್. ಹೂಸ್ಟನ್ ಹಾಕಿಕೊಟ್ಟ ದಾರಿ ಹೀಗಿತ್ತು: ‘ಬೇರೆಯಾದರೂ ಸಮಾನ’ ಎಂಬ ಸೂತ್ರವನ್ನು ಮೊದಲೇ ಎದುರಿಸಿ ಸೋಲಬೇಡಿ. ಸಮಾನವಾಗಿ ಕೊಡಿ ಎಂದು ಒಂದೊಂದೇ ಮೊಕದ್ದಮೆ ಹಾಕುತ್ತ, ಬೇರೆ ಇಡುವುದರ ಖರ್ಚನ್ನು ಅವರಿಗೆ ತೋರಿಸುತ್ತ ಹೋಗಿ. 1938ರಲ್ಲಿ ಮಿಸೌರಿಯ ಕಾನೂನು ಕಾಲೇಜಿನ ವಿಷಯದಲ್ಲಿ ಗೆಲುವು ಸಿಕ್ಕಿತು. 1950ರಲ್ಲಿ ಟೆಕ್ಸಾಸ್ ಮತ್ತು ಓಕ್ಲಹೋಮಾದ ವಿಶ್ವವಿದ್ಯಾಲಯಗಳ ವಿಷಯದಲ್ಲಿ ಸಿಕ್ಕಿತು. ಹೂಸ್ಟನ್ ಆ ವರ್ಷವೇ ತೀರಿಕೊಂಡರು. ಅಲ್ಲಿಂದ ಮುಂದೆ ಮಾರ್ಷಲ್ ಮತ್ತು ಸಂಗಡಿಗರು ನೇರವಾಗಿ ಪ್ರತ್ಯೇಕತೆಯ ಬುಡಕ್ಕೇ ಕೈ ಹಾಕಲು ನಿಶ್ಚಯಿಸಿದ್ದರು.

ಹಿಲ್ ಮತ್ತು ರಾಬಿನ್ಸನ್ ಬೇರೆ ಊರಿಗೆ ಹೋಗುವ ದಾರಿಯಲ್ಲಿ ಫಾರ್ಮ್‌ವಿಲ್ಲಿಗೆ ಬಂದರು. ಪಾದ್ರಿ ಫ್ರಾನ್ಸಿಸ್ ಗ್ರಿಫಿನ್ ಅವರ ಚರ್ಚಿನಲ್ಲಿ ಮಕ್ಕಳನ್ನು ಕಂಡು, ತರಗತಿಗೆ ಮರಳಿ ಎಂದು ಬುದ್ಧಿ ಹೇಳಿ ಹೋಗುವುದು ಅವರ ಎಣಿಕೆ. ಮಕ್ಕಳನ್ನು ಕಂಡ ಮೇಲೆ ಬುದ್ಧಿ ಹೇಳಲು ಬಾಯಿ ಬರಲಿಲ್ಲ. ಆದರೆ ಒಂದು ಷರತ್ತು ಹಾಕಿದರು. ಕಪ್ಪುಮಕ್ಕಳಿಗೆ ಒಳ್ಳೆಯ ಬೇರೆ ಶಾಲೆ ಕೊಡಿ ಎಂದು ನಾವು ಮೊಕದ್ದಮೆ ಹೂಡುವುದಿಲ್ಲ, ಬಿಳಿಯರೂ ಕಪ್ಪುಜನರೂ ಒಂದೇ ಶಾಲೆಯಲ್ಲಿ ಕೂರಬೇಕು ಎಂದಾದರೆ ಮಾತ್ರ ಹೂಡುತ್ತೇವೆ, ನಿಮ್ಮ ಮನೆಯ ಹಿರಿಯರನ್ನು ಕೇಳಿ ಬನ್ನಿ. ಮಕ್ಕಳು ಕೇಳಿದ್ದು ಒಂದು ಕಟ್ಟಡ. ಈಗ ಎದುರಿಗೆ ಬಂದು ನಿಂತದ್ದು ಇಡೀ ದಕ್ಷಿಣದ ವ್ಯವಸ್ಥೆ. ಹಿರಿಯರಲ್ಲಿ ಹಲವರು ಬಿಳಿಯರ ಜಮೀನಿನಲ್ಲಿ, ಅಂಗಡಿಯಲ್ಲಿ ದುಡಿಯುವವರು. ಸಾಲಕ್ಕೂ ಬೀಜಕ್ಕೂ ಅವರ ಮುಂದೆಯೇ ನಿಲ್ಲಬೇಕಾದವರು. ಚರ್ಚಿನಲ್ಲಿ ಸಭೆ ಸೇರಿ, ವಾದ ನಡೆದು, ಕೊನೆಗೆ ಆಗಲಿ ಎಂದರು. ಮೇ 7ರಂದು ಮಕ್ಕಳು ಶಾಲೆಗೆ ಮರಳಿದರು. ಮೇ 23ರಂದು 117 ವಿದ್ಯಾರ್ಥಿಗಳ ಪರವಾಗಿ ಫೆಡರಲ್ ಕೋರ್ಟಿನಲ್ಲಿ ದಾವೆ ದಾಖಲಾಯಿತು.

ಬೆಲೆ ಕೂಡಲೇ ತೆರಬೇಕಾಯಿತು. ಮುಖ್ಯೋಪಾಧ್ಯಾಯ ಜೋನ್ಸ್ ನೌಕರಿ ಕಳೆದುಕೊಂಡರು. ಶಾಲೆಯ ಆವರಣದಲ್ಲಿ ಯಾರೋ ಶಿಲುಬೆ ಸುಟ್ಟರು. ಬಿಳಿಯ ದ್ವೇಷಿಗಳು ಬೆದರಿಕೆಗೆ ಬಳಸುವ ಗುರುತು ಅದು. ಮಗಳ ಜೀವಕ್ಕೆ ಹೆದರಿದ ತಂದೆತಾಯಿ ಬಾರ್ಬರಾಳನ್ನು ಅಲಬಾಮಾದ ಮಾಂಟ್ಗೊಮರಿಗೆ, ತಂದೆಯ ಸಹೋದರ ವರ್ನನ್ ಜಾನ್ಸ್ ಅವರ ಮನೆಗೆ ಕಳಿಸಿದರು. ವರ್ನನ್ ಜಾನ್ಸ್ ಅಲ್ಲಿಯ ಡೆಕ್ಸ್‌ಟರ್ ಅವೆನ್ಯೂ ಚರ್ಚಿನ ಪಾದ್ರಿ. ಅವರು ಬಿಟ್ಟ ಆ ಪೀಠಕ್ಕೆ 1954ರಲ್ಲಿ ಬಂದ ತರುಣನೇ ಮಾರ್ಟಿನ್ ಲೂಥರ್ ಕಿಂಗ್.

ಮೊಕದ್ದಮೆ 1952ರ ಫೆಬ್ರುವರಿಯಲ್ಲಿ ರಿಚ್ಮಂಡಿನಲ್ಲಿ ನಡೆಯಿತು. ಪ್ರತ್ಯೇಕ ಶಾಲೆಯಿಂದ ಕಪ್ಪುಮಕ್ಕಳ ಮನಸ್ಸಿಗೆ ಏನಾಗುತ್ತದೆ ಎಂದು ಸಾಕ್ಷಿ ಹೇಳಲು ಮನಶ್ಶಾಸ್ತ್ರಜ್ಞ ದಂಪತಿ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಬಂದರು. ಕಪ್ಪು ಬೊಂಬೆ, ಬಿಳಿ ಬೊಂಬೆ ಎರಡನ್ನೂ ಮುಂದಿಟ್ಟರೆ ಎಳೆಯ ಕಪ್ಪುಮಕ್ಕಳಲ್ಲಿ ಹೆಚ್ಚಿನವರು ಬಿಳಿಯದನ್ನೇ ಒಳ್ಳೆಯದೆನ್ನುತ್ತಾರೆ ಎಂದು ತೋರಿಸಿದ್ದವರು ಇವರೇ. ರಾಜ್ಯದ ಪರ ಸಾಕ್ಷಿಗೆ ಬಂದವರು ಕೊಲಂಬಿಯಾ ವಿಶ್ವವಿದ್ಯಾಲಯದ ಹೆನ್ರಿ ಗ್ಯಾರೆಟ್, ಮೇಮಿ ಕ್ಲಾರ್ಕ್ ಅವರಿಗೆ ಪಿಎಚ್‌.ಡಿ. ಮಾರ್ಗದರ್ಶಕರಾಗಿದ್ದ ಪ್ರಾಧ್ಯಾಪಕರು. ಅಂಬೇಡ್ಕರ್ ಅವರಿಗೆ ಹೊಸ ಜಗತ್ತನ್ನು ತೋರಿಸಿದ ಅದೇ ಕೊಲಂಬಿಯಾ. ಗುರು ಮೇಲು ಕೀಳನ್ನು ಎತ್ತಿ ಹಿಡಿದರು, ಶಿಷ್ಯೆ ಎದ್ದು ಅದನ್ನು ಅಲ್ಲಗಳೆದರು. ಮೂವರು ನ್ಯಾಯಾಧೀಶರು ಮಾತ್ರ ಒಮ್ಮತದಿಂದ ರಾಜ್ಯದ ಕಡೆಗೇ ತೀರ್ಪು ಕೊಟ್ಟರು. ಕಟ್ಟಡ ಸಮಾನವಾಗಿರಲಿ ಎಂದಷ್ಟೇ ಹೇಳಿದರು. ಕೌಂಟಿ ಅವಸರದಲ್ಲಿ ಹೊಸ ಮೋಟನ್ ಹೈಸ್ಕೂಲನ್ನು ಕಟ್ಟಿ 1953ರಲ್ಲಿ ತೆರೆಯಿತು. ಮಕ್ಕಳು ಮೊದಲು ಬೇಡಿದ್ದೆಲ್ಲ ಅದರಲ್ಲಿತ್ತು. ಮೊಕದ್ದಮೆಯನ್ನು ಯಾರೂ ಹಿಂದಕ್ಕೆ ತೆಗೆಯಲಿಲ್ಲ.

ಕ್ಯಾನ್ಸಸ್, ದಕ್ಷಿಣ ಕೆರೊಲಿನಾ, ಡೆಲವೇರ್, ರಾಜಧಾನಿ ವಾಷಿಂಗ್ಟನ್, ಜೊತೆಗೆ ವರ್ಜೀನಿಯಾದ ಈ ಫಾರ್ಮ್‌ವಿಲ್, ಹೀಗೆ ಐದು ಕಡೆಯ ಮೊಕದ್ದಮೆಗಳು ಸುಪ್ರೀಂ ಕೋರ್ಟಿನಲ್ಲಿ ಒಟ್ಟಿಗೆ ವಿಚಾರಣೆಗೆ ಬಂದವು. ಮಕ್ಕಳೇ ಎದ್ದು ಆರಂಭಿಸಿದ್ದು ಇದೊಂದೇ. 1954ರ ಮೇ 17ರಂದು ಮುಖ್ಯ ನ್ಯಾಯಾಧೀಶ ಅರ್ಲ್ ವಾರನ್ ಒಂಬತ್ತೂ ಜನರ ಒಮ್ಮತದ ತೀರ್ಪು ಓದಿದರು. ಜಗತ್ತು ಅದನ್ನು ಬ್ರೌನ್ ತೀರ್ಪು ಎಂದು ಕರೆಯುತ್ತದೆ. ಸರ್ಕಾರಿ ಶಾಲೆಯಲ್ಲಿ ಬೇರೆ ಇಡುವುದೇ ಅಸಮಾನ, ಅದು ಹದಿನಾಲ್ಕನೆಯ ತಿದ್ದುಪಡಿಗೆ ವಿರುದ್ಧ ಎಂದಿತು ಕೋರ್ಟು. ಆದರೆ ಮರುವರ್ಷ, ಜಾರಿಯ ಮಾತು ಬಂದಾಗ, ದಿನಾಂಕ ಹಾಕಲಿಲ್ಲ. ವಿವೇಚನೆಯಿಂದ ಕೂಡಿದ ವೇಗದಲ್ಲಿ ಮಾಡಿ ಎಂದಿತು. ದಕ್ಷಿಣದವರು ಅದರಲ್ಲಿ ವಿವೇಚನೆಯನ್ನು ಹಿಡಿದುಕೊಂಡು ವೇಗವನ್ನು ಬಿಟ್ಟರು. ಆ ಒಂದು ದಿನಾಂಕವನ್ನು ಹಾಕದೆ ಹೋದದ್ದು ದೊಡ್ಡ ತಪ್ಪು ಎಂದೇ ನಾನು ತಿಳಿಯುತ್ತೇನೆ.

ವರ್ಜೀನಿಯಾದ ರಾಜಕೀಯವನ್ನು ಅಂಗೈಯಲ್ಲಿಟ್ಟುಕೊಂಡಿದ್ದ ಸೆನೆಟರ್ ಹ್ಯಾರಿ ಬರ್ಡ್ ‘ಬೃಹತ್ ಪ್ರತಿರೋಧ’ಕ್ಕೆ ಕರೆ ಕೊಟ್ಟರು. ಬಿಳಿಯರ ಶಾಲೆಗೆ ಒಂದು ಕಪ್ಪುಮಗು ಕಾಲಿಟ್ಟರೂ ಆ ಶಾಲೆಯನ್ನು ಮುಚ್ಚಬೇಕು ಎಂದು ರಾಜ್ಯ ಕಾನೂನು ಮಾಡಿತು. 1958ರಲ್ಲಿ ಹಾಗೆ ಕೆಲವು ಊರುಗಳಲ್ಲಿ ಮುಚ್ಚಿಸಿತು ಕೂಡ. 1959ರ ಜನವರಿ 19ರಂದು ರಾಜ್ಯದ ಉಚ್ಚ ನ್ಯಾಯಾಲಯ ಮತ್ತು ಫೆಡರಲ್ ಕೋರ್ಟು ಎರಡೂ ಒಂದೇ ದಿನ ಅದನ್ನು ಹೊಡೆದುಹಾಕಿದವು. ಬೇರೆ ಊರುಗಳಲ್ಲಿ ಬಾಗಿಲು ತೆರೆಯಿತು. ಪ್ರಿನ್ಸ್ ಎಡ್ವರ್ಡ್ ಕೌಂಟಿಗೆ, ಬರುವ ಸೆಪ್ಟೆಂಬರಿನಿಂದ ಎಲ್ಲ ಮಕ್ಕಳನ್ನೂ ಒಟ್ಟಿಗೆ ಕೂರಿಸಿ ಎಂಬ ಆದೇಶ ಬಂತು.

ಈಗ ನೆನಪಿಸಿಕೊಳ್ಳಿ, ಕೌಂಟಿಗೆ ತೆರಿಗೆ ಹಾಕುವ ಅಧಿಕಾರವಿತ್ತು. 1959ರ ಜೂನಿನಲ್ಲಿ ಕೌಂಟಿಯ ಆಡಳಿತ ಮಂಡಳಿ ಸಭೆ ಸೇರಿ, ಈ ವರ್ಷ ಶಾಲೆಗಾಗಿ ತೆರಿಗೆ ಎತ್ತುವುದಿಲ್ಲ, ಹಣ ಕೊಡುವುದಿಲ್ಲ ಎಂದು ತೀರ್ಮಾನಿಸಿತು. ಕೋರ್ಟಿನ ಆದೇಶವನ್ನು ಮೀರಿದೆವು ಎನ್ನಿಸಿಕೊಳ್ಳಲಿಲ್ಲ. ಬಿಳಿಯರಿಗೂ ಶಾಲೆಯಿಲ್ಲ, ಕಪ್ಪುಜನರಿಗೂ ಇಲ್ಲ, ಅಲ್ಲಿಗೆ ಭೇದವೆಲ್ಲಿ ಬಂತು ಎಂಬುದು ಅವರ ತರ್ಕ. ಕಾಗದದ ಮೇಲೆ ಎಲ್ಲರಿಗೂ ಒಂದೇ ಬೀಗ. ಸೆಪ್ಟೆಂಬರ್ ಬಂತು. ಬಿಳಿಯ ಮಕ್ಕಳಿಗಾಗಿ ಚರ್ಚುಗಳಲ್ಲಿ, ಸಂಘದ ಕೋಣೆಗಳಲ್ಲಿ ಪ್ರಿನ್ಸ್ ಎಡ್ವರ್ಡ್ ಅಕಾಡೆಮಿ ಎಂಬ ಖಾಸಗಿ ಶಾಲೆ ತೆರೆಯಿತು. ಮೊದಲ ವರ್ಷ ವಂತಿಗೆಯ ಹಣ. ಮರುವರ್ಷ ಪಾಲಕರಿಗೆ ರಾಜ್ಯದಿಂದ ಶುಲ್ಕದ ನೆರವು, ದಾನ ಕೊಟ್ಟವರಿಗೆ ಕೌಂಟಿಯಿಂದ ತೆರಿಗೆ ವಿನಾಯಿತಿ. ಸಾರ್ವಜನಿಕರ ಹಣ ಸುತ್ತು ಬಳಸಿ ಬಿಳಿಯರ ಶಾಲೆಗೇ ಸೇರಿತು. ಸುಮಾರು 1,700 ಕಪ್ಪುಮಕ್ಕಳು ಹೊರಗೆ ಉಳಿದರು.

ಕಪ್ಪುಮಕ್ಕಳಿಗೂ ಒಂದು ಖಾಸಗಿ ಶಾಲೆ ಮಾಡಿಕೊಡುತ್ತೇವೆ ಎಂದು ಬಿಳಿಯ ಮುಖಂಡರು ಮುಂದೆ ಬಂದರು. ಅದಕ್ಕೆ ಹೆಚ್ಚುಕಡಿಮೆ ಯಾರೂ ಅರ್ಜಿ ಹಾಕಲಿಲ್ಲ. ಹಾಕಿದ್ದರೆ ಬೇರೆ ಇರಲು ತಾವೇ ಒಪ್ಪಿದಂತಾಗುತ್ತಿತ್ತು. ಮಗು ಮನೆಯಲ್ಲಿ ಸುಮ್ಮನೆ ಕೂತಿರುವಾಗ ಆ ಮಾತಿಗೆ ಇಲ್ಲ ಎಂದ ತಾಯಿತಂದೆಯರ ರಾತ್ರಿಗಳನ್ನು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ. ಕೆಲವರು ಮಕ್ಕಳನ್ನು ಪಕ್ಕದ ಕೌಂಟಿಯ ನೆಂಟರ ಮನೆಗೆ ಬಿಟ್ಟರು. ಮೇಲಿನ ತರಗತಿಯ ಕೆಲವು ಹುಡುಗ ಹುಡುಗಿಯರಿಗೆ ಉತ್ತರ ಕೆರೊಲಿನಾದ ಕಿಟ್ರೆಲ್ ಕಾಲೇಜು ಜಾಗ ಕೊಟ್ಟಿತು. ಕ್ವೇಕರ್ ಪಂಥದವರ ಸೇವಾ ಸಮಿತಿ ಮತ್ತೆ ಕೆಲವರನ್ನು ದೂರದ ರಾಜ್ಯಗಳಲ್ಲಿ ಗುರುತಿಲ್ಲದವರ ಮನೆಗಳಲ್ಲಿಟ್ಟು ಓದಿಸಿತು. ಗ್ರಿಫಿನ್ ಅವರೂ ಊರಿನ ಹೆಂಗಸರೂ ಚರ್ಚುಗಳ ನೆಲಮಾಳಿಗೆಯಲ್ಲಿ ಅಕ್ಷರ ಹೇಳಿಕೊಟ್ಟರು. ಇಷ್ಟೆಲ್ಲ ಮಾಡಿದರೂ ತಲುಪಿದ್ದು ಕೆಲವರಿಗೆ. ಉಳಿದವರು ಹೊಗೆಸೊಪ್ಪಿನ ಹೊಲಕ್ಕೆ ಹೋದರು.

ಒಂದು ವರ್ಷ, ಎರಡು ವರ್ಷ, ಮೂರು, ನಾಲ್ಕು. 1963ರಲ್ಲಿ ಅಟಾರ್ನಿ ಜನರಲ್ ರಾಬರ್ಟ್ ಕೆನಡಿ, ಉಚಿತ ಸಾರ್ವಜನಿಕ ಶಿಕ್ಷಣವಿಲ್ಲದ ಜಗತ್ತಿನ ಬೆರಳೆಣಿಕೆಯ ಜಾಗಗಳಲ್ಲಿ ಈ ಕೌಂಟಿಯೂ ಒಂದು ಎಂದು ಬಹಿರಂಗವಾಗಿ ಹೇಳಿದರು. ಸರ್ಕಾರದ ಬೆಂಬಲ, ಖಾಸಗಿ ಹಣ ಎರಡನ್ನೂ ಕೂಡಿಸಿ ‘ಫ್ರೀ ಸ್ಕೂಲ್’ಗಳನ್ನು ತೆರೆಯಲಾಯಿತು. ಬಾಗಿಲು ತೆರೆದದ್ದು 1963ರ ಸೆಪ್ಟೆಂಬರ್ 16. ಹಿಂದಿನ ದಿನ ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ ಕಪ್ಪುಜನರ ಚರ್ಚಿಗೆ ಬಾಂಬಿಟ್ಟು ನಾಲ್ವರು ಹುಡುಗಿಯರನ್ನು ಕೊಂದಿದ್ದರು. ಆ ಸುದ್ದಿ ಕಿವಿಗೆ ಬಿದ್ದ ಮರುಬೆಳಿಗ್ಗೆಯೇ ಫಾರ್ಮ್‌ವಿಲ್ಲಿನ ತಾಯಂದಿರು ಮಕ್ಕಳ ತಲೆ ಬಾಚಿ ಶಾಲೆಗೆ ಕಳಿಸಿದರು. ಹತ್ತು ಹನ್ನೊಂದು ವರ್ಷವಾಗಿಯೂ ಪೆನ್ಸಿಲ್ ಹಿಡಿಯಲು ಬಾರದ ಮಕ್ಕಳು ಆ ತರಗತಿಗಳಲ್ಲಿದ್ದರು.

ಗ್ರಿಫಿನ್ ಅವರ ಮಕ್ಕಳ ಹೆಸರಿನಲ್ಲಿ ಮುಂದುವರಿದಿದ್ದ ಮೊಕದ್ದಮೆಗೆ 1964ರ ಮೇ 25ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್, ಅಲಬಾಮಾದವರು. ರಾಜ್ಯದ ಉಳಿದೆಡೆ ಸರ್ಕಾರಿ ಶಾಲೆ ನಡೆಯುತ್ತಿರುವಾಗ, ಬಿಳಿಯರೂ ಕಪ್ಪುಜನರೂ ಒಟ್ಟಿಗೆ ಕೂರಬಾರದೆಂಬ ಒಂದೇ ಕಾರಣಕ್ಕೆ ಈ ಒಂದು ಕೌಂಟಿಯಲ್ಲಿ ಮುಚ್ಚಿರುವುದು ಸಮಾನ ರಕ್ಷಣೆಯ ನಿರಾಕರಣೆ ಎಂದರು. ವಿವೇಚನೆಯ ವೇಗದ ಕಾಲ ಮುಗಿಯಿತು ಎಂದರು. ಅಷ್ಟಕ್ಕೇ ಬಿಡದೆ, ತೆರಿಗೆ ಎತ್ತಿ ಶಾಲೆ ತೆರೆಯಿರಿ ಎಂದು ಕೌಂಟಿಗೆ ಆಜ್ಞೆ ಮಾಡುವ ಅಧಿಕಾರ ಕೆಳಗಿನ ಕೋರ್ಟಿಗಿದೆ ಎಂದೂ ಸೇರಿಸಿದರು. ಈ ಕೊನೆಯ ಮಾತೇ ಬೀಗದ ಕೈ. ಸೆಪ್ಟೆಂಬರಿನಲ್ಲಿ ಸರ್ಕಾರಿ ಶಾಲೆ ತೆರೆಯಿತು. ಬಿಳಿಯ ಮಕ್ಕಳು ಬಂದದ್ದು ಬೆರಳೆಣಿಕೆಯಷ್ಟು.

ಬಾರ್ಬರಾ ಆ ಹೊತ್ತಿಗೆ ಮದುವೆಯಾಗಿ ಫಿಲಡೆಲ್ಫಿಯಾದಲ್ಲಿದ್ದರು. ಮುಂದೆ ಶಾಲೆಯ ಲೈಬ್ರೇರಿಯನ್ ಆಗಿ ಮಕ್ಕಳ ಕೈಗೆ ಪುಸ್ತಕ ಕೊಡುವ ಕೆಲಸ ಮಾಡಿದರು. 1991ರಲ್ಲಿ ತೀರಿಕೊಂಡರು. ಆಗ ಹೊರಗಿನ ಜಗತ್ತಿಗೆ ಅವರ ಹೆಸರು ಅಷ್ಟಾಗಿ ಗೊತ್ತಿರಲಿಲ್ಲ. ಅಮೆರಿಕದ ಸಂಸತ್ ಭವನದಲ್ಲಿ ವರ್ಜೀನಿಯಾದ ಪರವಾಗಿ ನೂರಕ್ಕೂ ಹೆಚ್ಚು ವರ್ಷ ನಿಂತಿದ್ದ ಸೇನಾಪತಿ ಲೀ ಅವರ ಪ್ರತಿಮೆಯನ್ನು 2020ರ ಡಿಸೆಂಬರಿನಲ್ಲಿ ತೆಗೆದರು. ಆ ಜಾಗಕ್ಕೆ ರಾಜ್ಯ ಆರಿಸಿದ್ದು ಬಾರ್ಬರಾ ಜಾನ್ಸ್ ಅವರನ್ನು. ಮೋಟನ್ ಶಾಲೆಯ ಹಳೆಯ ಕಟ್ಟಡ ಈಗ ವಸ್ತುಸಂಗ್ರಹಾಲಯ.

ಬೀಗದ ಹೊರಗೆ ಉಳಿದ ಮಕ್ಕಳ ಲೆಕ್ಕ ಇದರಿಂದ ಮುಗಿಯಲಿಲ್ಲ. ದೊಡ್ಡವರಾದ ಮೇಲೆ ಶಾಲೆ ತೆರೆದರೂ ಸಣ್ಣ ಮಕ್ಕಳ ಬೆಂಚಿನಲ್ಲಿ ಕೂರಲು ನಾಚಿ ಎಷ್ಟೋ ಜನ ಮರಳಲಿಲ್ಲ. 2003ರಲ್ಲಿ ವರ್ಜೀನಿಯಾದ ಶಾಸನಸಭೆ ನಡೆದದ್ದಕ್ಕೆ ತೀವ್ರ ವಿಷಾದ ಸೂಚಿಸಿತು. 2004ರಲ್ಲಿ, ಆ ವರ್ಷಗಳಲ್ಲಿ ಶಾಲೆ ಕಳೆದುಕೊಂಡವರು ಬಿಟ್ಟ ಕಡೆಯಿಂದ ಓದು ಮುಂದುವರಿಸಲೆಂದು ಬ್ರೌನ್ ತೀರ್ಪಿನ ಹೆಸರಿನಲ್ಲೇ ವಿದ್ಯಾರ್ಥಿವೇತನ ಆರಂಭಿಸಿತು. ಅರ್ಜಿ ಹಾಕಿದವರು ಬಂದು ತರಗತಿಯಲ್ಲಿ ಕೂತರು. ಬೀಗ ಬಿದ್ದ ವರ್ಷ ಒಂದನೆಯ ತರಗತಿಗೆ ಸೇರಬೇಕಿದ್ದ ಆರು ವರ್ಷದ ಮಗುವಿಗೆ ಆಗ ಐವತ್ತೊಂದು ವರ್ಷ.